ಕಲ್ಯಾಣದುರ್ಗದ ಗಾಳಿಗೆ ಕಾಸು ಕೊಡುವವರು ಯಾರು

ಕಲ್ಯಾಣದುರ್ಗದಿಂದ ಯಾರಾದರೂ ಫೋನಿನಲ್ಲಿ "ಇಲ್ಲಿ ಗಾಳಿ ಇಲ್ಲ" ಎಂದರೆ ನಾನು ಈಗಲೂ ನಂಬುವುದಿಲ್ಲ. ಅಲ್ಲಿನವರು ಸುಳ್ಳುಗಾರರು ಎಂದಲ್ಲ. ಅವರಿಗೆ ಗಾಳಿಯನ್ನು ಗಾಳಿ ಎಂದು ಕರೆಯಬೇಕು ಅನ್ನಿಸಲು ಮನೆಯ ಮೇಲಿನ ಶೀಟೇ ಹಾರಿಹೋಗಬೇಕು. ಇಷ್ಟು ತಿಳಿಯಲು ನಮಗೆ ಒಂದು ವಿಮಾನದ ಮುಂದಿನ ಚಕ್ರ, ಒಬ್ಬ ಮೆಕ್ಯಾನಿಕ್‌ನ ಮಣಿಕಟ್ಟು ಎರಡೂ ಮುರಿಯಬೇಕಾಯಿತು.

ಆಗ ನಾನು ಹಿಂದೂಪುರದ ಹೊರವಲಯದಲ್ಲಿ ಒಬ್ಬ ಗ್ರಾನೈಟ್ ಯಜಮಾನರ ಖಾಸಗಿ ವಿಮಾನಪಟ್ಟಿಯ ಆಫೀಸು ನೋಡಿಕೊಳ್ಳುತ್ತಿದ್ದೆ. ಲೇಪಾಕ್ಷಿಯಿಂದ ಮೊದಲ ಬಸ್ಸಿಗೆ ಬಂದು, ಆಟೋದಲ್ಲಿ ಅಲ್ಲಿಗೆ ಸೇರುತ್ತಿದ್ದೆ. ಆಫೀಸು ಎಂದರೆ ಒಂದು ಕೋಣೆ, ಒಂದು ಫೋನು, ಗೋಡೆಯ ಮೇಲೆ ನಕ್ಷೆ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ ವಿಮಾನದ ಕೀಲಿ. ವಿಮಾನ ನಾಲ್ಕು ಸೀಟಿನದು, ಒಂದೇ ಎಂಜಿನ್ನು. ಯಜಮಾನರೇ ಲೈಸೆನ್ಸು ಪಡೆದು ಹಾರಿಸುತ್ತಿದ್ದರು. ಊರಿನ ಡಾಕ್ಟರೊಬ್ಬರು ಅದರಲ್ಲಿ ಪಾಲುದಾರರು, ಭಾನುವಾರದ ಪೈಲಟ್ಟು. ಯಜಮಾನರ ಕಲ್ಲುಗಣಿ ಇದ್ದದ್ದು ಕಲ್ಯಾಣದುರ್ಗದ ಹತ್ತಿರ. ಪಾವಗಡದ ಮೇಲೆ ರಸ್ತೆಯಲ್ಲಿ ಹೋಗಿಬಂದರೆ ದಿನವೇ ಮುಗಿಯುತ್ತದೆ ಎಂದು ಗಣಿಯ ಪಕ್ಕದ ತಮ್ಮ ಜಮೀನಿನಲ್ಲೂ ಮಣ್ಣಿನ ಪಟ್ಟಿ ಮಾಡಿಸಿದ್ದರು. ಜಮೀನು ಉತ್ತರ-ದಕ್ಷಿಣವಾಗಿ ಉದ್ದಕ್ಕಿತ್ತು, ಹಾಗಾಗಿ ಪಟ್ಟಿಯೂ ಉತ್ತರ-ದಕ್ಷಿಣ. ಮುಂಗಾರಿನ ಗಾಳಿ ಬೀಸುವುದು ಪಡುವಣದಿಂದ. ಇಳಿಯುವ ವಿಮಾನಕ್ಕೆ ಅದು ಪಕ್ಕೆಗೆ ಗುದ್ದಿದ ಹಾಗೆ ಬಡಿಯುತ್ತದೆ.

ನನ್ನ ಕೆಲಸ ಫೋನಿನಿಂದ ಶುರುವಾಗುತ್ತಿತ್ತು. ಹಾರಾಟದ ವಿವರವನ್ನು ಬೆಂಗಳೂರಿಗೆ ಓದಿ ಹೇಳಬೇಕು, ಅನುಮತಿ ನಂಬರು ಬರೆದುಕೊಳ್ಳಬೇಕು, ಆಮೇಲೆ ಹವಾಮಾನ ಕಚೇರಿಗೆ ಫೋನು ಮಾಡಬೇಕು. ಅಲ್ಲಿನ ಅಧಿಕಾರಿ ಗಾಳಿಯ ದಿಕ್ಕು, ವೇಗ, ಮೋಡದ ತಳ, ಒತ್ತಡ ಎಲ್ಲವನ್ನೂ ಹೇಳುತ್ತಿದ್ದರು. ಆದರೆ ಅದೆಲ್ಲ ಅವರ ವಿಮಾನ ನಿಲ್ದಾಣದ್ದು. "ಕಲ್ಯಾಣದುರ್ಗದ್ದು ಹೇಳಿ ಸಾರ್" ಎಂದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದರು. "ಆ ಊರು ನಮ್ಮ ಪಟ್ಟಿಯಲ್ಲಿ ಇಲ್ಲಮ್ಮ. ಖಾಸಗಿ ಜಾಗಕ್ಕೆ ಬೇಕು ಅಂದ್ರೆ ಮೇಲಿನೋರಿಗೆ ಬರೆದು ಕೇಳಿ, ಅದಕ್ಕೆ ಬೇರೆ ಶುಲ್ಕ ಆಗುತ್ತೆ." ಯಜಮಾನರು ಅದಕ್ಕೆ ಒಪ್ಪಲಿಲ್ಲ. ಗಾಳಿಗೆ ಶುಲ್ಕ ಕೊಡುವಷ್ಟು ದಡ್ಡ ನಾನಲ್ಲ ಎಂದರು.

ಹಾಗಾಗಿ ನಾನೇ ದಾರಿ ಹುಡುಕಿದೆ. ಗಣಿಗೆ ತಿರುಗುವ ಕ್ರಾಸಿನಲ್ಲಿ, ಶೇರ್ ಜೀಪುಗಳು ನಿಲ್ಲುವ ಕಡೆ, ಒಬ್ಬಾಕೆ ಇಡ್ಲಿ ಅಂಗಡಿ ಇಟ್ಟಿದ್ದಳು. ಅಂಗಡಿಯಲ್ಲಿ ಫೋನಿತ್ತು. ಹೊರಗೆ ಬಂದು ನಿಂತರೆ ಪಟ್ಟಿಯೂ ಕಾಣುತ್ತದೆ, ಅಲ್ಲಿನವರು ಕೊಂಡ ಎನ್ನುವ ಊರ ಹಿಂದಿನ ಗುಡ್ಡವೂ ಕಾಣುತ್ತದೆ. ಕೊಂಡದ ತಲೆ ಕಂಡರೆ ಮೋಡ ಮೇಲಿದೆ, ಮುಚ್ಚಿದ್ದರೆ ಕೆಳಗಿದೆ. ಹಾರುವ ದಿನ ಬೆಳಿಗ್ಗೆ ನಾನು ಫೋನು ಮಾಡಿ ಕೊಂಡ ಕಾಣುತ್ತಾ, ಗಾಳಿ ಇದೆಯಾ ಎಂದು ಕೇಳುತ್ತಿದ್ದೆ, ಆಕೆ ಹೇಳುತ್ತಿದ್ದಳು. ಬೇಸಿಗೆಯೆಲ್ಲ ಏನೂ ತೊಂದರೆಯಾಗಲಿಲ್ಲ.

ಮುಂಗಾರು ಶುರುವಾದ ಮೇಲೆ ಒಂದು ದಿನ ಎಂದಿನಂತೆ ಕೇಳಿದೆ.

"ಗಾಳಿಗೀಳಿ ಏನಿಲ್ಲ ಕಣಮ್ಮ. ದಿನಾ ಇದ್ದಂಗೇ ಐತೆ. ಬರಾಕೇಳು" ಎಂದಳು.

ಯಜಮಾನರು ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದರು. ಇಳಿಯುವಾಗ ಗಾಳಿ ಪಡುವಣದಿಂದ ತಳ್ಳಿತು. ವಿಮಾನ ಪಟ್ಟಿ ಬಿಟ್ಟು ಕಡ್ಲೆಕಾಯಿ ಹೊಲಕ್ಕೆ ನುಗ್ಗಿ, ಮುಂದಿನ ಚಕ್ರ ಮುರಿದುಕೊಂಡು ಮೂಗು ಊರಿ ನಿಂತಿತು. ಯಜಮಾನರಿಗೆ ಏನೂ ಆಗಲಿಲ್ಲ. ಮೆಕ್ಯಾನಿಕ್‌ನ ಬಲಗೈ ಮಣಿಕಟ್ಟು ಮುರಿಯಿತು. ಅವನು ನನ್ನನ್ನು ಅಕ್ಕ ಎನ್ನುತ್ತಿದ್ದ, ನನ್ನ ಡಬ್ಬಿಯ ಚಟ್ನಿಯಲ್ಲಿ ಪಾಲು ಕೇಳುತ್ತಿದ್ದ. ಕೈಗೆ ಪಟ್ಟಿ ಸುತ್ತಿಕೊಂಡು ಬಂದವನಿಗೆ ಅವತ್ತು ಚಟ್ನಿಯನ್ನೆಲ್ಲ ಕೊಟ್ಟುಬಿಟ್ಟೆ. ಇನ್ನೊಂದು ಮಾರು ಆಚೆಗೆ ಕಲ್ಲಿನ ರಾಶಿ ಇತ್ತಂತೆ.

ಯಜಮಾನರು ಮಾತ್ರ ಸಿಟ್ಟಿನಿಂದ ಕುದಿಯುತ್ತಿದ್ದರು. "ಆ ಇಡ್ಲಿಯೋಳು ನಮ್ಮನ್ನ ಸಾಯಿಸ್ಬಿಡ್ತಿದ್ಲು! ಗಾಳಿ ಇಲ್ಲ ಅಂತಾಳೆ!" ಎಂದರು. ಪಟ್ಟಿಯನ್ನು ಅಡ್ಡಡ್ಡ ಹಾಕಿಸಿದ್ದು ಯಾರೋ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೂ ಆಕೆ ಹಾಗೇಕೆ ಹೇಳಿದಳು ಎಂಬುದು ನನ್ನನ್ನೂ ಕೊರೆಯುತ್ತಿತ್ತು. ಮಾರನೇ ದಿನ ಬಸ್ಸು ಹತ್ತಿ, ಪಾವಗಡದಲ್ಲಿ ಬದಲಾಯಿಸಿ, ಕಲ್ಯಾಣದುರ್ಗಕ್ಕೆ ಹೋದೆ.

ಕ್ರಾಸಿನಲ್ಲಿ ಜೀಪಿನಿಂದ ಇಳಿದ ಕೂಡಲೇ ನನ್ನ ಸೆರಗು ಮುಖಕ್ಕೆ ಬಂದು ಸುತ್ತಿಕೊಂಡಿತು. ಕಣ್ಣಿಗೆ ಮಣ್ಣು ಹೊಕ್ಕಿತು. ಅಂಗಡಿಯ ಶೀಟಿನ ಮೇಲೆ ಒಂದರ ಪಕ್ಕ ಒಂದು ಕಲ್ಲು ಹೇರಿದ್ದರು. ಒಲೆಗೆ ಮೂರು ಕಡೆಯಿಂದ ತಗಡು ಕಟ್ಟಿದ್ದರು. ಆ ತಗಡಿನ ಮರೆಯಲ್ಲಿ ಕೂತು, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ಆಕೆ ತಣ್ಣಗೆ ಇಡ್ಲಿ ಬೇಯಿಸುತ್ತಿದ್ದಳು.

"ಇದೇನಕ್ಕ ಇದು! ಗಾಳಿ ಇಲ್ಲ ಅಂದ್ಯಲ್ಲ?" ಎಂದು ಕೂಗಿದೆ. ಕೂಗದಿದ್ದರೆ ಕೇಳಿಸುತ್ತಿರಲಿಲ್ಲ.

ಆಕೆ ಆಚೀಚೆ ನೋಡಿದಳು. "ಎಲ್ಲೈತೆ ಗಾಳಿ?"

"ಇದೇನು ಮತ್ತೆ?"

"ಇದಾ? ಇದೂ ಒಂದು ಗಾಳಿನಾ? ಆಷಾಡದಾಗೆ ಬಾ, ತೋರಿಸ್ತೀನಿ. ಓದ್ವರ್ಷ ಶೀಟು ಆರೋಗಿ ಅಗೋ ಆ ಒಲದಾಗೆ ಬಿದ್ದಿತ್ತು. ಅದು ಕಣಮ್ಮ ಗಾಳಿ ಅಂದ್ರೆ."

ಸಿಟ್ಟು ಮಾಡಿಕೊಂಡು ಹೋದವಳು ನಕ್ಕುಬಿಟ್ಟೆ. ನಾವು ಕೇಳಿದ್ದೇ ತಪ್ಪು ಪ್ರಶ್ನೆ. ದಿನಾ ಗಾಳಿಯಲ್ಲೇ ಇರುವವರನ್ನು ಗಾಳಿ ಇದೆಯಾ ಎಂದು ಕೇಳಿದರೆ ಇನ್ನೇನು ಹೇಳುತ್ತಾರೆ? ಮನಸ್ಸಿಗೆ ತೋಚಿದ್ದನ್ನು ಕೇಳಬಾರದು, ಕಣ್ಣಿಗೆ ಕಂಡದ್ದನ್ನು ಕೇಳಬೇಕು. ವಿಮಾನ ಇಳಿಯುವ ಕಡೆ ಬಟ್ಟೆಯ ಗಾಳಿಚೀಲ ಕಟ್ಟುವುದು ಎಲ್ಲ ಕಡೆ ಇದ್ದದ್ದೇ. ಯಜಮಾನರು ಗಣಿಯ ಪಟ್ಟಿಗೆ ಅದನ್ನೂ ತರಿಸಿರಲಿಲ್ಲ.

ಮುಂದಿನ ವಾರ ಹಿಂದೂಪುರದ ಬಜಾರಿನಲ್ಲಿ ಕಿತ್ತಳೆ ಬಣ್ಣದ ಒಂದು ಒಳಲಂಗ ಕೊಂಡೆ. ಗಾಳಿಚೀಲಕ್ಕೆ ಅದಕ್ಕಿಂತ ಒಳ್ಳೆಯ ಆಕಾರ ಬೇರೆ ಇಲ್ಲ. ಕೆಳಗಿನ ಘೇರು ಅಗಲ, ಸೊಂಟದ ಕಡೆ ಕಿರಿದು. ಘೇರಿಗೆ ಹಳೆಯ ಸೈಕಲ್ ರಿಮ್ಮು ಹೊಲಿದು ಬಾಯಿ ಮಾಡಿದೆ. ಲಾಡಿ ಎಳೆದು ಸೊಂಟವನ್ನು ಇನ್ನಷ್ಟು ಕಿರಿದು ಮಾಡಿ ಬಾಲ ಮಾಡಿದೆ. ಮೆಕ್ಯಾನಿಕ್ ಒಂದೇ ಕೈಯಲ್ಲಿ ರಿಮ್ಮಿಗೆ ತಿರುಗಣಿ ಕೂರಿಸಿಕೊಟ್ಟ. ಪಟ್ಟಿಯ ಅಂಚಿನಲ್ಲಿ, ಅಂಗಡಿಯ ಅಂಗಳದಿಂದ ಕಾಣುವ ಹಾಗೆ, ಕಬ್ಬಿಣದ ಕಂಬ ನೆಟ್ಟು ಅದನ್ನು ಏರಿಸಿದೆವು. ಜೀಪಿನವರು ಸಿಳ್ಳೆ ಹಾಕಿದರು. "ಅಯ್ಯಯ್ಯೋ, ಮಾನ ಓಯ್ತಲ್ಲೇ" ಎಂದು ಇಡ್ಲಿಯಾಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಆಕೆಗೆ ಲೆಕ್ಕ ಹೇಳಿಕೊಟ್ಟೆ. ಲಂಗ ಜೋತುಬಿದ್ದಿದ್ದರೆ ವಿಮಾನ ಬರಬಹುದು. ಅರ್ಧಕ್ಕೆ ಎದ್ದಿದ್ದರೆ ಇನ್ನೊಮ್ಮೆ ಕೇಳಬೇಕು. ನೆಟ್ಟಗಾಗಿದ್ದರೆ ಬರಬಾರದು. ಆ ಸೀಮೆಯಲ್ಲಿ ಬೆಳಗಿನ ಜಾವ ಅಡಗಿದ ಗಾಳಿ ಬಿಸಿಲೇರಿದ ಹಾಗೆ ಏಳುತ್ತದೆ. ಅದಕ್ಕೇ ಒಂದು ಸಲ ನೋಡಿದರೆ ಸಾಲದು, ಹೊರಡುವವರೆಗೆ ಮೂರು ಸಲ ನೋಡಿ ಹೇಳಬೇಕು ಎಂದೆ.

ಆಕೆಯ ನಗು ಅಲ್ಲಿಗೆ ನಿಂತಿತು. "ಮೂರ್ ಸಲ? ಅದೂ ಜೀಪು ಬರೋ ಒತ್ನಾಗೆ? ನಾನು ಒಲೆ ಬಿಟ್ಟು ನಿನ್ ಲಂಗ ನೋಡಾಕೋದ್ರೆ ಗಿರಾಕಿ ಪಕ್ಕದಂಗ್ಡಿಗೆ ಓಯ್ತಾರೆ. ಊರಿಕೇ ಎವರು ಚೇಸ್ತಾರಮ್ಮಾ? ಬಿಟ್ಟಿ ಯಾರ್ ಮಾಡ್ತಾರೆ? ಯಾರು ಕೊಡ್ತಾರೆ ಅದ್ಕೆ?"

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವಾಪಸು ಬಂದು ಆ ಮಾತನ್ನು ಯಜಮಾನರ ಮುಂದೆ ಇಟ್ಟೆ. ಡಾಕ್ಟರೂ ಅಲ್ಲೇ ಕೂತಿದ್ದರು.

"ಬಾಯ್ಮಾತಿಗೂ ರೇಟಾ?" ಎಂದರು ಯಜಮಾನರು. "ಬೇಕಾದ್ರೆ ಒಂದ್ಸಲ ಇಮಾನದಾಗೆ ಕೂರಿಸ್ಕೊಂಡು ಸುತ್ತಿಸ್ತೀನಿ ಅಂತ ಹೇಳು, ಕುಣ್ಕೊಂಡ್ ಬತ್ತಾಳೆ."

ಡಾಕ್ಟರು ಕನ್ನಡಕ ಒರೆಸಿಕೊಂಡು, "ಹವಾಮಾನ ಅನ್ನೋದು ಸಾರ್ವಜನಿಕರ ಸ್ವತ್ತು ಕಣಮ್ಮ. ಅದನ್ನ ಸರ್ಕಾರ ಕೊಡ್ಬೇಕು. ನಾವು ತೆರಿಗೆ ಕಟ್ಟಲ್ವಾ?" ಎಂದರು.

ನನಗೆ ಉರಿದುಹೋಯಿತು. ಮಳೆ ಯಾವಾಗ, ಬಿತ್ತನೆ ಯಾವಾಗ ಎಂದು ಸೀಮೆಗೆಲ್ಲ ತಿಳಿಸುವುದು ಸರ್ಕಾರದ ಕೆಲಸ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಒಬ್ಬರ ಜಮೀನಿನಲ್ಲಿ ಒಬ್ಬರ ವಿಮಾನ ಇಳಿಯಲು ಬೇಕಾದ ಗಾಳಿಯ ಲೆಕ್ಕವನ್ನು ಲೇಪಾಕ್ಷಿ ಬಸ್ಸಿನಲ್ಲಿ ನಿಂತುಕೊಂಡು ಬರುವ ನಾನೇಕೆ ಹೊರಬೇಕು? ಆ ಇಡ್ಲಿಯಾಕೆ ಏಕೆ ಹೊರಬೇಕು?

"ಡಾಕ್ಟ್ರೇ, ನಾಡಿ ರೋಗೀದು, ನಿಮ್ಮದಲ್ಲ. ಆದ್ರೂ ಹಿಡಿದು ನೋಡಿದ್ದಕ್ಕೆ ನೀವು ಫೀಸು ತಗೊಳ್ಳಲ್ವಾ?" ಎಂದೆ. "ಗಾಳಿ ಯಾರ್ದೂ ಅಲ್ಲ. ಎದ್ದೋಗಿ ನೋಡೋ ಕೆಲಸ ಅವಳ್ದು."

ಡಾಕ್ಟರು ಮತ್ತೆ ಕನ್ನಡಕ ಒರೆಸಿಕೊಂಡರು. ಯಜಮಾನರು, "ನಿಂದು ಬಾಯಿ ಜಾಸ್ತಿಯಾಯ್ತು" ಎಂದು ಎದ್ದುಹೋದರು. ಚಕ್ರ ರಿಪೇರಿಗೆ ತೆತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡುವವರ ಜೊತೆ ಏನು ಮಾತಾಡುವುದು?

ವಿಮಾನದಲ್ಲಿ ಸುತ್ತಿಸುವ ಮಾತನ್ನು ಇಡ್ಲಿಯಾಕೆಗೆ ಮುಟ್ಟಿಸಿದೆ. "ನಾನಲ್ಲಿ ಆರಾಡ್ತಿದ್ರೆ ಇಲ್ಲಿ ಇಟ್ಟು ರುಬ್ಬೋರ್ಯಾರು? ನಿಮ್ ಯಜಮಾನ್ರು ಬತ್ತಾರಾ?" ಎಂದು ಕೇಳಿ, ಇನ್ನು ಹೇಳಾಕಿಲ್ಲ ಎಂದು ಫೋನು ಇಟ್ಟಳು.

ಯಜಮಾನರು ಅದಕ್ಕೂ ಉಪಾಯ ಮಾಡಿದರು. ಗಣಿಯಲ್ಲಿ ಅವರದೇ ಮೇಸ್ತ್ರಿ ಇದ್ದ. ಅವನಿಗೆ ಫೋನು ಮಾಡಿ ಕೇಳಬೇಕು ಎಂದಾಯಿತು. ಮೇಸ್ತ್ರಿ ಒಳ್ಳೆಯವನೇ. ಆದರೆ ಯಜಮಾನರಿಗೆ ಇಲ್ಲ ಎಂಬ ಮಾತನ್ನು ಅವನ ನಾಲಿಗೆ ಕಲಿತೇ ಇರಲಿಲ್ಲ. ಮೊದಲ ದಿನವೇ ಕೇಳಿದೆ, "ಮೋಡ ಹೆಂಗಿದೆ ಮೇಸ್ತ್ರಿ?"

"ಕರ್ರಗೈತೆ ಕಣಮ್ಮ. ಯಾಕೆ, ಯಜಮಾನ್ರು ಬತ್ತಾರಾ?"

"ಬರ್ತಾರೆ."

"ಅಂಗಾದ್ರೆ ಏನಿಲ್ಲ ಬಿಡು. ಎಲ್ಲಾ ಚೆನ್ನಾಗೈತೆ."

ಆಮೇಲೆ ಯಾವಾಗ ಕೇಳಿದರೂ ಎಲ್ಲಾ ಚೆನ್ನಾಗೈತೆ. ವಿಮಾನ ಇನ್ನೂ ರಿಪೇರಿಯಲ್ಲಿತ್ತು, ಅದೇ ನಮ್ಮ ಪುಣ್ಯ. ಆದರೆ ಆ ಮೇಸ್ತ್ರಿ ನನ್ನ ತಲೆಯಲ್ಲಿ ಒಂದು ಹುಳ ಬಿಟ್ಟಿದ್ದ. ಯಜಮಾನರ ಅನ್ನ ತಿನ್ನುವವನು ಯಜಮಾನರಿಗೆ ಬೇಕಾದ ಹವೆಯನ್ನೇ ಹೇಳುತ್ತಾನೆ. ನಾಳೆ ಇಡ್ಲಿಯಾಕೆಯೂ ಅವರ ಕಾಸು ಹಿಡಿದರೆ ಹಾಗೇ ಆಗುವುದಿಲ್ಲ ಎಂದು ಏನು ಗ್ಯಾರಂಟಿ? ಹೊರಗೆ ಜಗಳ ಆಡುತ್ತಿದ್ದೆನೇ ಹೊರತು, ಒಳಗೊಳಗೇ ನನಗೆ ಈ ಅಳುಕು ಇತ್ತು.

ವಿಮಾನ ಸರಿಹೋಯಿತು. ವಿಮೆಯವರು ಬಂದು ನೋಡಿದ ದಿನ ಯಜಮಾನರು ಎದೆ ಉಬ್ಬಿಸಿ ಹೇಳಿದರು, "ನಮ್ಮಲ್ಲಿ ಇನ್ನು ಒಂದೇ ರೂಲು. ಇಳಿಯೋ ಊರಿನ ಹವೆ ಗೊತ್ತಾಗದೆ ಕೀಲಿ ಮೊಳೆ ಬಿಟ್ಟು ಇಳಿಯಂಗಿಲ್ಲ. ಈಯಮ್ಮನೇ ಅದಕ್ಕೆ ಜವಾಬ್ದಾರಿ." ನಾನು ಚೆನ್ನಾಗಿ ಕೇಳಿಸಿಕೊಂಡೆ.

ಆಮೇಲೆ ಮೊದಲ ಹಾರಾಟದ ದಿನ ಬಂತು. ಕಲ್ಲು ಕೊಳ್ಳುವ ದೊಡ್ಡ ಗಿರಾಕಿಯೊಬ್ಬರು ಹೊರರಾಜ್ಯದಿಂದ ಬಂದಿದ್ದರು. ಅವರನ್ನು ವಿಮಾನದಲ್ಲೇ ಗಣಿಗೆ ಕರೆದೊಯ್ದು ಕಣ್ಣು ಕುಕ್ಕಿಸಬೇಕೆಂದು ಯಜಮಾನರ ಆಸೆ. ಹಿಂದೂಪುರದ ಆಕಾಶ ತಿಳಿಯಾಗಿತ್ತು. ಆದರೆ ಇಲ್ಲಿನ ಪಟ್ಟಿಯ ಗಾಳಿಚೀಲ ಬಿಸಿಲೇರುವ ಮೊದಲೇ ಅರ್ಧಕ್ಕೆ ಎದ್ದಿತ್ತು. ನಮ್ಮಲ್ಲೇ ಹೀಗಾದರೆ ಆ ಬಯಲಿನಲ್ಲಿ ಹೇಗಿರಬೇಡ?

"ಹವೆ ಸಿಕ್ತಾ?" ಎಂದರು ಯಜಮಾನರು ಟೋಪಿ ಸರಿಮಾಡಿಕೊಳ್ಳುತ್ತ.

"ಇಲ್ಲ ಸಾರ್."

"ಮೇಸ್ತ್ರಿ ಏನಂದ?"

"ಎಲ್ಲಾ ಚೆನ್ನಾಗೈತೆ ಅಂದ. ಅದು ಹವೆ ಅಲ್ಲ ಸಾರ್, ನಿಮಗೆ ಹಾಕಿದ ನಮಸ್ಕಾರ."

ಗಿರಾಕಿ ನಮ್ಮಿಬ್ಬರ ಮುಖ ನೋಡಿದರು. ಯಜಮಾನರ ಕಿವಿ ಕೆಂಪಾಯಿತು. "ಕೀಲಿ ಕೊಡಮ್ಮ" ಎಂದರು ಹಲ್ಲು ಕಚ್ಚಿ.

ನಾನು ಮೊಳೆಯಿಂದ ಕೀಲಿ ತೆಗೆದೆ. ನನ್ನ ಊಟದ ಡಬ್ಬಿ ತೆರೆದು, ಮುದ್ದೆಯ ಪಕ್ಕದಲ್ಲಿ ಅದನ್ನು ಇಟ್ಟು, ಮುಚ್ಚಳ ಒತ್ತಿ, ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಅಂಜಿಕೆಗಿಂತ ಮುಮ್ಮಡಿಯಾಗಿ ಸಿಟ್ಟು ಇತ್ತು. ಇನ್ನೊಂದು ಮಣಿಕಟ್ಟು ಮುರಿಯಲಿ, ಕತ್ತೇ ಮುರಿಯಲಿ, ಆಮೇಲೆ "ಆಫೀಸಿನೋಳು ಹೂಂ ಅಂದ್ಲು" ಎನ್ನುತ್ತಾರೆ. ನಾನು ಹೂಂ ಅನ್ನುವುದಿಲ್ಲ.

"ರೂಲು ನಿಮ್ಮದೇ ಸಾರ್" ಎಂದೆ.

"ನಾಳೆಯಿಂದ ಕೆಲಸಕ್ಕೆ ಬರ್ಬೇಡ."

"ಬರಲ್ಲ ಬಿಡಿ. ಇವತ್ತಿಂದು ಇವತ್ತು."

ಹೆಂಗಸಿನ ಮಡಿಲ ಡಬ್ಬಿಗೆ ಅವರು ಕೈ ಹಾಕುವಂತಿರಲಿಲ್ಲ. ಮೆಕ್ಯಾನಿಕ್ ಕಡೆ ತಿರುಗಿ, "ಇಸ್ಕೊಳ್ಳೋ ಕೀಲಿ" ಎಂದರು. ಅವನು ಪಟ್ಟಿ ಬಿಚ್ಚಿ ವಾರವಾಗಿದ್ದ ಬಲಗೈಯನ್ನು ಎತ್ತಿ ತೋರಿಸಿ, "ಈ ಕೈಯಾಗೆ ಡಬ್ಬಿ ಮುಚ್ಳ ತೆಗ್ಯಾಕಾಗಲ್ಲ ಸಾರ್" ಎಂದ. ಬೆಳಿಗ್ಗೆ ಅದೇ ಕೈಯಲ್ಲಿ ಸ್ಪಾನರು ತಿರುಗಿಸಿದ್ದನ್ನು ನಾವೆಲ್ಲ ನೋಡಿದ್ದೆವು.

ಗಿರಾಕಿ ಮೆಲ್ಲಗೆ, "ಗಾಳಿ ಕೇಳೋಕೆ ಬೇರೆ ಯಾರೂ ಇಲ್ವಾ?" ಎಂದರು. ಇನ್ನು ಯಜಮಾನರಿಗೆ ದಾರಿ ಇರಲಿಲ್ಲ. ತಾವೇ ಫೋನಿನ ಸ್ಪೀಕರು ಹಾಕಿ ಇಡ್ಲಿ ಅಂಗಡಿಯ ನಂಬರು ಒತ್ತಿದರು.

"ಎವರು?" ಎಂದು ತೆಲುಗಿನಲ್ಲಿ ಕೇಳಿತು ಆ ಕಡೆಯ ದನಿ.

"ನಾನು ಕಣಮ್ಮ, ಯಜಮಾನ."

"ಯಾವ್ ಯಜಮಾನ್ರು?"

"ಇಮಾನದೋನು!"

"ಓ, ನೀವಾ! ನಮಸ್ಕಾರ ಸಾರ್. ಏನ್ಬೇಕು?"

"ಗಾಳಿ ಎಂಗೈತೆ ಹೇಳು."

"ಯಾರು ಕೊಡ್ತಾರೆ ಸಾರ್ ದುಡ್ಡು?"

ಗಿರಾಕಿ ಕರವಸ್ತ್ರ ಬಾಯಿಗೆ ಇಟ್ಟುಕೊಂಡರು. ಯಜಮಾನರು ನನ್ನನ್ನು ಸುಡುವ ಹಾಗೆ ನೋಡಿದರು. ಆಮೇಲೆ, "ಕೊಡಾಣ ಹೇಳಮ್ಮ" ಎಂದರು.

"ಕೊಡಾಣ ಅಂದ್ರೆ ಯಾರು, ಯಾವಾಗ?"

"ನಾನು. ತಿಂಗಳ ತಿಂಗಳ. ಮೇಸ್ತ್ರಿ ಕೈಯಾಗೆ ಕಳಿಸ್ತೀನಿ."

"ಮೇಸ್ತ್ರಿ ಬ್ಯಾಡ. ನೀವೇ ಬಂದು ಕೊಡ್ಬೇಕು. ಈ ತಿಂಗ್ಳುದ್ದು ಮುಂಚೆ."

"ಆಯ್ತು, ಆಯ್ತು! ಗಾಳಿ ಹೇಳು!"

"ಇರಿ, ಓಗಿ ನೋಡ್ಕೊಂಡ್ ಬತ್ತೀನಿ."

ಫೋನನ್ನು ಹಲಗೆಯ ಮೇಲೆ ಇಟ್ಟ ಸದ್ದು ಕೇಳಿತು. ಪಾತ್ರೆಯ ಸದ್ದು, ಜೀಪಿನ ಹಾರನ್ನು, ಯಾರೋ ಚಟ್ನಿ ಕೇಳಿದ್ದು. ನಾನು ಡಬ್ಬಿಯನ್ನು ಬಿಗಿಯಾಗಿ ಹಿಡಿದಿದ್ದೆ. ಕಾಸಿನ ಮಾತಾಗಿದೆ. ಈಗ ಇವಳೂ ಮೇಸ್ತ್ರಿಯ ಹಾಗೆ ಎಲ್ಲಾ ಚೆನ್ನಾಗೈತೆ ಅಂದುಬಿಟ್ಟರೆ ನಾನು ಕೀಲಿ ಕೊಡಲೇಬೇಕು. ದೇವರೇ, ಇವಳಿಗೆ ಒಳ್ಳೆಯ ಬುದ್ಧಿ ಕೊಡಪ್ಪ ಎಂದು ಬೇಡಿಕೊಂಡೆ.

ದನಿ ಮರಳಿತು. ಏದುಸಿರು ಬಿಡುತ್ತಿದ್ದಳು. "ಕೊಂಡ ಕಾಣ್ತೈತೆ. ಲಂಗ ನೆಟ್ಟಗೈತೆ. ಬರ್ಬ್ಯಾಡಿ ಸಾರ್. ರಾವೊದ್ದು."

"ಸರಿಯಾಗ್ ನೋಡಮ್ಮ" ಎಂದರು ಯಜಮಾನರು. ಗಿರಾಕಿಯ ಎದುರು ದನಿ ತಗ್ಗಿತ್ತು. "ಒಂಚೂರಾದ್ರೂ ಬಗ್ಗಿರ್ಬೇಕು."

"ದುಡ್ ಕೊಡ್ತೀನಿ ಅಂದ್ರಲ್ಲ ಸಾರ್, ಅದಕ್ಕೇ ಓಗಿ ಸರ್ಯಾಗ್ ನೋಡ್ಬಂದಿರೋದು. ಬಿಟ್ಟಿ ಆಗಿದ್ರೆ ಇಲ್ಲಿಂದ್ಲೇ ಬನ್ನಿ ಅಂತಿದ್ದೆ."

ಮೆಕ್ಯಾನಿಕ್ ಆ ಕಡೆ ತಿರುಗಿಕೊಂಡ. ಅವನ ಭುಜ ಕುಲುಕುತ್ತಿತ್ತು. ನನಗೆ ಮಾತ್ರ ನಗು ಬರಲಿಲ್ಲ, ಕಣ್ಣು ತುಂಬಿಬಂತು. ಯಜಮಾನರು ಫೋನು ಇಟ್ಟು, ಟೋಪಿ ತೆಗೆದು ಮೇಜಿನ ಮೇಲೆ ಹಾಕಿ, "ಜೀಪು ತೆಗಿಯೋ" ಎಂದರು. ಹೊಸಿಲು ದಾಟಿದವರು ನಿಂತು, "ನೀನೂ ಹತ್ತು. ನಿನ್ ಲಂಗ ನೆಟ್ಟಗಿಲ್ದೆ ಇದ್ರೆ ಅಲ್ಲೇ ಬಿಟ್ಟು ಬತ್ತೀನಿ" ಎಂದರು.

ಪಾವಗಡ ದಾಟಿದ ಮೇಲೆ ಜೀಪಿನ ಟಾರ್ಪಾಲು ಪಟಪಟ ಬಡಿದುಕೊಳ್ಳತೊಡಗಿತು. ಕಲ್ಯಾಣದುರ್ಗದ ಕ್ರಾಸಿಗೆ ಬರುವಷ್ಟರಲ್ಲಿ ರಸ್ತೆಯ ಆ ಬದಿ ಕಾಣದಷ್ಟು ಕೆಂಪು ಧೂಳು. ಅದು ಕೊಂಚ ಸರಿದಾಗ ನೋಡಿದರೆ, ಪಟ್ಟಿಯ ಅಂಚಿನಲ್ಲಿ ಕಿತ್ತಳೆ ಲಂಗ ಕಂಬಕ್ಕೆ ಅಡ್ಡ ಹೊಡೆದ ಮೊಳೆಯ ಹಾಗೆ ನಿಂತಿತ್ತು. ಮೇಸ್ತ್ರಿ ತಲೆಯ ಟವೆಲ್ಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು, ಗಾಳಿಗೆ ಎದುರಾಗಿ ಬಗ್ಗಿ ಬಗ್ಗಿ ಓಡಿಬಂದ.

"ಜೀಪಿನಾಗ್ಯಾಕ್ ಬಂದ್ಬುಟ್ರಿ ಸಾರ್? ಇಮಾನದಾಗೇ ಬರ್ಬೋದಿತ್ತಲ್ಲ. ಎಲ್ಲಾ ಚೆನ್ನಾಗೈತೆ!"

ಯಜಮಾನರು ಕಲ್ಲಿನ ರಾಶಿಯ ಕಡೆಗೊಮ್ಮೆ, ಲಂಗದ ಕಡೆಗೊಮ್ಮೆ ನೋಡಿದರು. ಗಿರಾಕಿಯನ್ನು ಗಣಿಗೆ ಕರೆದೊಯ್ಯುವ ಮೊದಲು ಇಡ್ಲಿ ಅಂಗಡಿಗೆ ನಡೆದರು. ಆಕೆ ಕೈ ಒರೆಸಿಕೊಂಡು, ಅವರು ಕೊಟ್ಟದ್ದನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಿ, ತಗಡಿನ ಮರೆಯಲ್ಲಿ ಅವರಿಗೊಂದು ಮಣೆ ಹಾಕಿದಳು.

"ಕೂತ್ಕಳಿ ಸಾರ್, ಇಲ್ಲಿ ಗಾಳಿ ಬರಾಕಿಲ್ಲ."

ವಾಪಸು ಬಂದಾಗ ಹಿಂದೂಪುರದ ಹುಣಸೆ ಮಂಡಿಯ ವಾಸನೆ ಮೂಗಿಗೆ ಬಡಿಯಿತು. ಬಸ್‌ಸ್ಟ್ಯಾಂಡಿನ ಮುಂದೆ ಯಜಮಾನರು ನನ್ನನ್ನು ಇಳಿಸಿ, "ನಾಳೆ ಗಾಳಿ ಬೆಳಿಗ್ಗೇನೇ ಕೇಳು" ಎಂದರು. ನಾಳೆಯಿಂದ ಬರಬೇಡ ಅಂದಿರಲ್ಲ ಎಂದು ನಾನು ನೆನಪಿಸಲಿಲ್ಲ. ಡಾಕ್ಟರ ಪಾಲನ್ನೂ ಮರೆಯದೆ ಇಸ್ಕೊಳ್ಳಿ ಸಾರ್ ಎಂದಷ್ಟೇ ಹೇಳಿದೆ.

ಲೇಪಾಕ್ಷಿ ಬಸ್ಸಿನಲ್ಲಿ ಕೂತ ಮೇಲೆ ಮಡಿಲಲ್ಲಿ ಡಬ್ಬಿ ಹಾಗೇ ಇರುವುದು ನೆನಪಾಯಿತು. ಮುಚ್ಚಳ ತೆರೆದೆ. ಒಣಗಿದ ಮುದ್ದೆಗೆ ವಿಮಾನದ ಕೀಲಿ ಅಂಟಿಕೊಂಡಿತ್ತು. ಸೆರಗಿನಲ್ಲಿ ಒರೆಸಿ, ಗಂಟು ಹಾಕಿಕೊಂಡೆ. ನಾಳೆ ಬೆಳಿಗ್ಗೆ ಇಡ್ಲಿಯಾಕೆ ಬನ್ನಿ ಎಂದರೆ ಬಿಚ್ಚಿ ಕೊಡುವುದು, ಅಲ್ಲಿಯವರೆಗೆ ಯಾರು ಕೇಳಿದರೂ ಕೊಡುವುದಿಲ್ಲ.